ನಕ್ಷೆಯ ಮೇಲೆ ಎರಡು ಬೆರಳಗಲದ ಕಾಡು

ಮೊದಲ ಸಲ ಗೇಮ್ ಮಾಸ್ಟರ್ ಆಗಿ ಕೂರಲು ಹೊರಟಿರುವ ಗೆಳೆಯ ಗೆಳತಿಯರಿಗೆ,

ನಿಮ್ಮ ತಯಾರಿ ಜೋರಾಗಿಯೇ ನಡೆದಿರುತ್ತದೆ. ಹಳ್ಳಿಯ ಯಜಮಾನನಿಗೆ ಎಂಥ ದನಿ ಕೊಡಬೇಕು, ಗುಹೆಯ ಮೂರನೆಯ ಕೋಣೆಯಲ್ಲಿ ಏನಿರಬೇಕು, ಕೊನೆಯ ಕಾಳಗದಲ್ಲಿ ವೈರಿಗೆ ಎಷ್ಟು ಬಲ ಇರಬೇಕು ಎಂದು ನೋಟ್‌ಬುಕ್ಕಿನ ಪುಟಗಳು ತುಂಬಿರುತ್ತವೆ. ಆದರೆ ಹಳ್ಳಿಗೂ ಗುಹೆಗೂ ನಡುವೆ ಮೂರು ದಿನದ ಕಾಡಿದೆ. ನಕ್ಷೆಯ ಮೇಲೆ ಅದು ಎರಡು ಬೆರಳಗಲ. ಅದರ ಪಾಲಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಎರಡು ಬೆರಳಿನ ಜಾಗಕ್ಕಾಗಿ.

ಈ ಆಟವನ್ನು ಕಾಣದವರ ಕೈಗೂ ಪತ್ರ ಸಿಗಬಹುದು, ಅವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಮತ್ತು ಅದರ ಬಳಗದ ಆಟಗಳಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬರು ಕತ್ತಿಯಾಳು, ಇನ್ನೊಬ್ಬರು ಮಂತ್ರವಾದಿ, ಮತ್ತೊಬ್ಬರು ಕಳ್ಳ. ಅವರೆಲ್ಲ ಓಡಾಡುವ ಲೋಕವನ್ನು ಮಾತಿನಲ್ಲಿ ಕಟ್ಟಿಕೊಡುವವರು ಗೇಮ್ ಮಾಸ್ಟರ್. ‘ಎದುರಿಗೆ ಹೊಳೆ ಉಕ್ಕಿ ಹರಿಯುತ್ತಿದೆ, ಏನು ಮಾಡುತ್ತೀರಿ?’ ಎಂದು ಕೇಳುವುದು ಅವರ ಕೆಲಸ. ಏನು ಮಾಡಬೇಕೆಂದು ಹೇಳುವುದು ಆಟಗಾರರ ಕೆಲಸ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ 20 ಮುಖದ ದಾಳ ಉರುಳುತ್ತದೆ. ಆಟದ ಜೀವ ಇಷ್ಟರಲ್ಲೇ ಇದೆ.

ನಾನು ಶುರು ಮಾಡಿದ್ದು 2014ರ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ ಸಾಹಸದಿಂದ. ನಿಮ್ಮಲ್ಲಿ ಕೆಲವರೂ ಅಲ್ಲಿಂದಲೇ ಶುರು ಮಾಡಬಹುದು. ನೆವರ್‌ವಿಂಟರ್ ಪಟ್ಟಣದಿಂದ ಫ್ಯಾಂಡಲಿನ್ ಎಂಬ ಗಣಿಯೂರಿಗೆ ಎತ್ತಿನ ಬಂಡಿಯಲ್ಲಿ ಸಾಮಾನು ಸಾಗಿಸುವ ಕೆಲಸ. ದಾರಿಯಲ್ಲಿ ಬಾಣ ನೆಟ್ಟ ಎರಡು ಸತ್ತ ಕುದುರೆಗಳು ಅಡ್ಡ ಬಿದ್ದಿವೆ, ಪೊದೆಯಲ್ಲಿ ಗಾಬ್ಲಿನ್‌ಗಳು ಹೊಂಚುಹಾಕಿವೆ. ಅಲ್ಲಿಯವರೆಗೆ ಪುಸ್ತಕ ಕೈಹಿಡಿದು ನಡೆಸಿತು. ಪುಸ್ತಕ ಮುಗಿದ ಮೇಲೆ ನಾನೇ ಒಂದು ಪಯಣ ಕಟ್ಟಿದೆ. ಆರು ದಿನದ ದಾರಿ. ಪ್ರತಿದಿನ ಬೆಳಿಗ್ಗೆ ದಾಳ, ರಾತ್ರಿ ದಾಳ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ತೋಳಗಳು. ಮೂರನೆಯ ದಿನ ಮಳೆ. ನಾಲ್ಕನೆಯ ದಿನ ಮತ್ತೆ ತೋಳಗಳು. ಗಡಿಯಾರದಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಆಗ ಒಬ್ಬ ಗೆಳೆಯ, ತೀರ ಮೆತ್ತಗಿನ ದನಿಯಲ್ಲಿ, ‘ಇನ್ನೂ ಎಷ್ಟು ದೂರ ಇದೆ?’ ಎಂದ. ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತ ಮಗು ಕೇಳುವ ಹಾಗೆ.

ಆ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿತು. ಮುಂದಿನ ಸಲ ಅದಕ್ಕೆ ಹೆದರಿ, ‘ಮೂರು ದಿನ ಕಳೆಯಿತು, ತಲುಪಿದಿರಿ’ ಎಂದು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟೆ. ಯಾರೂ ದೂರಲಿಲ್ಲ. ಆದರೆ ಪಾತ್ರ ಕಟ್ಟುವಾಗ ಹಗ್ಗ, ಕೊಕ್ಕೆ, ಗುಡಾರ ಎಂದು ನಾಣ್ಯ ಎಣಿಸಿ ಎಣಿಸಿ ಕೊಂಡಿದ್ದ ಗೆಳತಿ ಆ ಸಾಮಾನಿನ ಪಟ್ಟಿಯ ಹಾಳೆಯನ್ನು ಮಡಿಸಿ ಪುಸ್ತಕದ ಅಡಿಗೆ ತಳ್ಳಿದ್ದನ್ನು ನೋಡಿದೆ. ಲೋಕ ಅಂದೇ ಕುಗ್ಗಿಹೋಗಿತ್ತು. ಊರಿನಿಂದ ಗುಹೆಗೆ, ಗುಹೆಯಿಂದ ಊರಿಗೆ, ಪಕ್ಕದ ಕೋಣೆಗೆ ಹೋಗಿ ಬಂದ ಹಾಗೆ.

ಎಷ್ಟೋ ಆಟಗಳ ನಂತರ ಹೊಳೆದದ್ದನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಆ ಎರಡೂವರೆ ಗಂಟೆಯಲ್ಲಿ ನನ್ನ ಆಟಗಾರರು ಒಂದೇ ಒಂದು ತೀರ್ಮಾನ ತೆಗೆದುಕೊಂಡಿರಲಿಲ್ಲ. ತೋಳ ಬಂತು, ಹೊಡೆದರು. ಮಳೆ ಬಂತು, ನೆನೆದರು. ಎಲ್ಲವೂ ಅವರ ಮೇಲೆ ಬಂದು ಬಿದ್ದದ್ದೇ ಹೊರತು ಅವರು ಆರಿಸಿಕೊಂಡದ್ದು ಏನೂ ಇರಲಿಲ್ಲ. ಪಯಣ ಆಟವಾಗಬೇಕಾದರೆ ಆಟಗಾರರ ಮುಂದೆ ಕವಲುದಾರಿ ಇರಬೇಕು, ಒಂದೊಂದು ಕವಲಿಗೂ ಒಂದೊಂದು ಬೆಲೆ ಇರಬೇಕು, ಆ ಬೆಲೆ ಎಷ್ಟೆಂದು ಅವರಿಗೆ ಅಷ್ಟಿಷ್ಟಾದರೂ ಗೊತ್ತಿರಬೇಕು. ಹೊಸಬರು ತಪ್ಪುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಕಾಡು ನಿಗೂಢವಾಗಿರಬೇಕು ಎಂದು ಎಲ್ಲವನ್ನೂ ನಮ್ಮ ಮುಂದೆ ನಿಲ್ಲಿಸಿಕೊಂಡ ಪರದೆಯ ಹಿಂದೆ ಬಚ್ಚಿಡುತ್ತೇವೆ. ಏನೂ ಗೊತ್ತಿಲ್ಲದವರಿಗೆ ‘ಎಡಕ್ಕೋ ಬಲಕ್ಕೋ’ ಎಂದು ಕೇಳಿದರೆ ಅವರು ಮಾಡುವುದು ಆಯ್ಕೆಯಲ್ಲ, ಊಹೆ. ದಯವಿಟ್ಟು ಹೇಳಿ. ನಿಮಗೆ ಅತಿ ಅನಿಸುವಷ್ಟು ಹೇಳಿ.

ಕಾಡನ್ನು ನಡೆದೇ ದಾಟುವುದು ಈ ಆಟಕ್ಕೆ ಆಮೇಲೆ ಅಂಟಿಸಿದ ಭಾಗವಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳಿದ್ದವು. ಮೂರನೆಯದರ ಹೆಸರಿನಲ್ಲೇ ನೆಲದಡಿಯ ಲೋಕದ ಜೊತೆಗೆ ಕಾಡುಮೇಡಿನ ಸಾಹಸವೂ ಇತ್ತು. ನಕ್ಷೆ ಬೇಕಾದರೆ ‘ಔಟ್‌ಡೋರ್ ಸರ್ವೈವಲ್’ ಆಟದ ಬೋರ್ಡು ಬಳಸಿ ಎಂದು ಅವರು ಹೇಳಿದರು. ಅದು ಆವಲಾನ್ ಹಿಲ್ ಕಂಪನಿ 1972ರಲ್ಲಿ ತಂದಿದ್ದ ಬೇರೊಂದು ಆಟ. ಕಾಡಿನಲ್ಲಿ ದಾರಿ ತಪ್ಪಿದವರು ಹಸಿವು ನೀರಡಿಕೆಗಳ ನಡುವೆ ಬದುಕಿ ಹೊರಬರಬೇಕಾದ ಆಟ. ಅದರ ಆರು ಮೂಲೆಯ ಮನೆಗಳ ಬೋರ್ಡಿನಲ್ಲಿ ನೀರಿನ ಗುಂಡಿಗಳಿದ್ದಲ್ಲಿ ಕೋಟೆಗಳಿವೆ ಎಂದುಕೊಳ್ಳಿ, ಕಟ್ಟಡಗಳಿದ್ದಲ್ಲಿ ಊರುಗಳಿವೆ ಎಂದುಕೊಳ್ಳಿ ಎಂದು ಸೂಚನೆ. ನಕ್ಷೆ ಬರೆಯಲು ಬರುವುದಿಲ್ಲವೆಂದು ಹಿಂಜರಿಯುವವರಿಗೆ ನಾನು ಯಾವಾಗಲೂ ಇದನ್ನೇ ನೆನಪಿಸುತ್ತೇನೆ. ಈ ಆಟ ಕಟ್ಟಿದವರೇ ನಕ್ಷೆಯನ್ನು ಕಡ ತಂದರು. ನೀವೂ ಯಾವುದಾದರೂ ತಾಲ್ಲೂಕಿನ ಹಳೆಯ ನಕ್ಷೆ ತೆಗೆದು, ಹೆಸರುಗಳನ್ನು ಅಳಿಸಿ, ಹೊಳೆ ಗುಡ್ಡಗಳನ್ನು ಹಾಗೇ ಉಳಿಸಿಕೊಳ್ಳಿ. ಹೊಳೆ ಯಾವ ಕಡೆ ಹರಿಯಬೇಕು, ಊರು ಎಲ್ಲಿ ಹುಟ್ಟಬೇಕು ಎಂಬುದನ್ನು ನಮಗಿಂತ ನೆಲ ಚೆನ್ನಾಗಿ ಬಲ್ಲುದು.

1981ರಲ್ಲಿ ಬಂದ ‘ಎಕ್ಸ್‌ಪರ್ಟ್’ ಪೆಟ್ಟಿಗೆಯ ಜೊತೆಗೆ ‘ಐಲ್ ಆಫ್ ಡ್ರೆಡ್’ ಎಂಬ ದ್ವೀಪದ ಸಾಹಸವಿತ್ತು. ಡೇವಿಡ್ ಕುಕ್ ಮತ್ತು ಟಾಮ್ ಮೋಲ್ಡ್‌ವೇ ಬರೆದದ್ದು. ಅದರಲ್ಲಿ ಆಟಗಾರರ ಕೈಗೆ ಕೊಡುವ ನಕ್ಷೆಯಲ್ಲಿ ಕರಾವಳಿಯ ಗೆರೆ ಇದೆ, ಒಳನಾಡು ಖಾಲಿ. ನಡೆದಷ್ಟು ತುಂಬಿಸಿಕೊಳ್ಳಬೇಕು. ಆ ಖಾಲಿ ಮನೆಗಳನ್ನು ಪೆನ್ಸಿಲ್ಲಿನಿಂದ ತುಂಬಿಸುವ ಸುಖವೇ ಬೇರೆ. ನಿಮ್ಮ ನಕ್ಷೆಯನ್ನೂ ಆಟಗಾರರ ಕೈಗೇ ಕೊಡಿ, ಅವರೇ ಬರೆಯಲಿ. ತಪ್ಪು ಬರೆದರೂ ತಿದ್ದಬೇಡಿ. ತಪ್ಪು ನಕ್ಷೆ ಹಿಡಿದು ನಡೆದವರಿಗೆ ಸರಿ ಬೆಟ್ಟ ಎದುರಾದ ಗಳಿಗೆಯನ್ನು ನೀವು ಕೂತು ಬರೆದರೂ ಕಟ್ಟಲಾಗುವುದಿಲ್ಲ.

ಇನ್ನು ಲೆಕ್ಕ. 2014ರ ನಿಯಮಪುಸ್ತಕದ ಪ್ರಕಾರ ಸಾಧಾರಣ ನಡಿಗೆಯಲ್ಲಿ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿಲೋಮೀಟರ್. ಬಿರುನಡಿಗೆಗೆ 30 ಮೈಲಿ, ಆದರೆ ಸುತ್ತಲಿನ ಸುಳಿವುಗಳು ಕಣ್ಣು ತಪ್ಪುತ್ತವೆ. ನಿಧಾನಕ್ಕೆ 18 ಮೈಲಿ, ಆದರೆ ಸದ್ದಿಲ್ಲದೆ ಅಡಗಿ ಸಾಗಬಹುದು. ಇದರಲ್ಲಿ ಮೈಲಿಗಳಿಗಿಂತ ಆ ಎರಡು ‘ಆದರೆ’ಗಳು ಮುಖ್ಯ. ವೇಗ ಬೇಕೋ, ಕಣ್ಣು ಬೇಕೋ, ಮರೆ ಬೇಕೋ ಎಂದು ಪ್ರತಿ ಬೆಳಿಗ್ಗೆ ಕೇಳಿದರೆ ಒಂದು ನಿಜವಾದ ತೀರ್ಮಾನ ಸಿಕ್ಕಿತು. ದುರ್ಗಮ ನೆಲದಲ್ಲಿ ದೂರ ಅರ್ಧಕ್ಕಿಳಿಯುತ್ತದೆ ಎಂದೂ ಪುಸ್ತಕ ಹೇಳುತ್ತದೆ. ಆ ಅರ್ಧವೂ ನನಗೆ ಧಾರಾಳವೆನಿಸುತ್ತದೆ. ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೊರಟವರಿಗೆ ಗೊತ್ತು, ನಡುದಾರಿಯ ಭಟ್ಟರ ಮನೆಯವರೆಗಿನ ಐದಾರು ಕಿಲೋಮೀಟರ್ ಏರಿಗೇ ಮೂರು ನಾಲ್ಕು ಗಂಟೆ ಬೇಕು. ಬೆನ್ನಿನ ಮೇಲೆ ಗುಡಾರ, ಕಾಲಿಗೆ ಉಂಬಳ. ಹಾಗಾಗಿ ನಾನು ನಕ್ಷೆಯಲ್ಲಿ ಮೈಲಿ ಬರೆಯುವುದನ್ನೇ ಬಿಟ್ಟೆ. ಈ ದಾರಿ ಎರಡು ದಿನ, ಆ ದಾರಿ ನಾಲ್ಕು ದಿನ, ಅಷ್ಟೇ. ಲೆಕ್ಕ ಕಡಿಮೆಯಾದಷ್ಟೂ ಮೇಜಿನ ಮೇಲೆ ಮಾತು ಹೆಚ್ಚುತ್ತದೆ.

ಒಂದು ಸಂಜೆಯ ಆಟವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಾನು ಹೇಳುತ್ತಿರುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಗೋಡೆಯಿಂದ ಇಳಿಸಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ. ಗುಡ್ಡದಾಚೆಯ ಹಳ್ಳಿಯಲ್ಲಿ ಒಂದು ಮಗುವಿಗೆ ಜ್ವರ. ಮದ್ದು ಇವರ ಕೈಯಲ್ಲಿದೆ. ಐದು ದಿನದೊಳಗೆ ತಲುಪಬೇಕು ಎಂದು ವೈದ್ಯೆ ಹೇಳಿದ್ದಾಳೆ. ಗುಡ್ಡದ ನೆತ್ತಿಯ ಬಂಡಿದಾರಿ ಹಿಡಿದರೆ ನಾಲ್ಕು ದಿನ. ಅಲ್ಲೊಂದು ಸೇತುವೆ ಇದೆ, ಹಿಂದಿನ ವಾರದ ಮಳೆಗೆ ಅಲುಗಾಡುತ್ತಿದೆ. ದಾಟಿ ಬಂದವರೂ ಇದ್ದಾರೆ, ಹಿಂತಿರುಗಿದವರೂ ಇದ್ದಾರೆ. ಜೌಗಿನ ಮೂಲಕ ಹೋದರೆ ಎರಡೇ ದಿನ, ಆದರೆ ಅಲ್ಲಿನ ನೀರು ಕುಡಿಯುವ ಹಾಗಿಲ್ಲ. ಮೂರನೆಯದು ದೋಣಿ. ಒಂದು ರಾತ್ರಿ ಒಂದು ಹಗಲು ಸಾಕು. ದೋಣಿಗಾರನಿಗೆ ದುಡ್ಡು ಬೇಡ. ಜೌಗಿನೊಳಗೆ ಹೋಗಿ ಮರಳದ ತಮ್ಮನನ್ನು ದಾರಿಯಲ್ಲಿ ಹುಡುಕಿಕೊಟ್ಟರೆ ಸಾಕು ಎನ್ನುತ್ತಾನೆ. ದೋಣಿಯಲ್ಲಿ ಹೇಸರಗತ್ತೆಗೆ ಜಾಗವಿಲ್ಲ. ಇವರ ಸಾಮಾನೆಲ್ಲ ಇರುವುದು ಅದರ ಬೆನ್ನಿನ ಮೇಲೆ. ಇಷ್ಟನ್ನೂ ನಾನು ಮೊದಲ ಹತ್ತು ನಿಮಿಷದಲ್ಲೇ ಬಿಚ್ಚಿಟ್ಟೆ. ಒಂದು ಎಳೆಯನ್ನೂ ಬಚ್ಚಿಡಲಿಲ್ಲ.

ಮುಂದಿನ ನಲವತ್ತು ನಿಮಿಷ ನಾನು ಬಾಯಿ ಬಿಟ್ಟದ್ದು ನಾಲ್ಕೈದು ಸಲ. ಹಗ್ಗ ಕೊಂಡಿದ್ದ ಗೆಳತಿ ಮಡಿಸಿಟ್ಟಿದ್ದ ಹಾಳೆಯನ್ನು ಹೊರತೆಗೆದಳು. ಪುಸ್ತಕದ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಹತ್ತಿರಹತ್ತಿರ ನಾಲ್ಕು ಲೀಟರ್. ಒಂದು ತೊಗಲಿನ ಚೀಲದಲ್ಲಿ ಹಿಡಿಸುವುದು ಅರ್ಧ ಗ್ಯಾಲನ್. ನಾಲ್ಕು ಜನ, ಎರಡು ದಿನ, ಎಂಟು ಗ್ಯಾಲನ್, 16 ಚೀಲ. ಅವರ ಹತ್ತಿರ ಇದ್ದದ್ದು ನಾಲ್ಕು. ಆಕೆ ಲೆಕ್ಕ ಓದಿ ಹೇಳಿದಾಗ ಮೇಜು ಒಂದು ಕ್ಷಣ ತಣ್ಣಗಾಯಿತು. ‘ಹೇಸರಗತ್ತೆ ಬೇರೆ ಕುಡಿಯುತ್ತದಲ್ಲ’ ಎಂದು ಇನ್ನೊಬ್ಬ. ಹಾಡುಗಾರ್ತಿಯ ಪಾತ್ರ ಆಡುತ್ತಿದ್ದವಳು ಸೇತುವೆಯೇ ಸರಿ ಎಂದಳು. ಕಳ್ಳನ ಪಾತ್ರದವನು, ಸೇತುವೆ ಮುರಿದಿದ್ದರೆ ಎರಡು ದಿನ ಹೋಗಿ ಎರಡು ದಿನ ಬಂದು ಉಳಿಯುವುದು ಒಂದೇ ದಿನ, ಆಗ ಮಗುವಿನ ಗತಿ ಏನು ಎಂದ. ದನಿ ಏರಿತು. ಯಾರೂ ಫೋನ್ ಮುಟ್ಟಲಿಲ್ಲ. ಒಬ್ಬ ಎದ್ದು ನಿಂತು ನಕ್ಷೆಯ ಮೇಲೆ ಬೆರಳೆಳೆದು ತೋರಿಸಿದ. ಇನ್ನೂ ಒಂದೇ ಒಂದು ದಾಳವೂ ಉರುಳಿರಲಿಲ್ಲ, ಯಾರೂ ಊರಿನ ಹೊಸಿಲು ದಾಟಿರಲಿಲ್ಲ, ಆದರೂ ಆ ಜೌಗು ಅವರ ತಲೆಯೊಳಗೆ ಆಗಲೇ ಹಬ್ಬಿಕೊಂಡಿತ್ತು. ಕೊನೆಗೆ ದೋಣಿ ಹಿಡಿದರು. ಹೇಸರಗತ್ತೆಯನ್ನು ದೋಣಿಗಾರನ ಹೆಂಡತಿಯ ವಶಕ್ಕೆ ಬಿಟ್ಟರು.

ಇಂಥ ಗಂಟು ಕಟ್ಟುವಾಗ ಮಂತ್ರಗಳನ್ನು ನೋಡಿಕೊಳ್ಳಿ. ‘ಗುಡ್‌ಬೆರಿ’ ಎಂಬ ಮೊದಲ ಮೆಟ್ಟಿಲಿನ ಮಂತ್ರದಿಂದ ಹತ್ತು ಹಣ್ಣು ಬರುತ್ತವೆ, ಒಂದೊಂದೂ ಒಬ್ಬರ ಒಂದು ದಿನದ ಊಟ. ಇನ್ನೊಂದು ಮಂತ್ರ ಹತ್ತು ಗ್ಯಾಲನ್ ನೀರು ಸೃಷ್ಟಿಸುತ್ತದೆ. ನಿಮ್ಮ ಗುಂಪಿನಲ್ಲಿ ಇವು ಇದ್ದರೆ ಹಸಿವು ನೀರಡಿಕೆಯ ಮೇಲೆ ಪಯಣ ಕಟ್ಟಬೇಡಿ, ಆ ಮಂತ್ರಗಳನ್ನು ನಿಷೇಧಿಸಲೂ ಬೇಡಿ. ಅವರು ಪ್ರೀತಿಯಿಂದ ಆರಿಸಿಕೊಂಡದ್ದು ಅದು. ಸಮಯದ ಮೇಲೆ ಕಟ್ಟಿ, ಯಾರ ಕಣ್ಣಿಗೆ ಬೀಳುತ್ತೇವೆ ಎಂಬುದರ ಮೇಲೆ ಕಟ್ಟಿ, ಏನನ್ನು ಬಿಟ್ಟುಹೋಗಬೇಕು ಎಂಬುದರ ಮೇಲೆ ಕಟ್ಟಿ. ಇವನ್ನು ಪೂರ್ತಿ ನೀಗಿಸುವ ಮಂತ್ರ ಎಳೆಯ ಪಾತ್ರಗಳ ಬಳಿ ಇರುವುದು ಅಪರೂಪ.

ಇದಕ್ಕಿಂತ ಸಂಕಟದ್ದು ರೇಂಜರ್ ಪಾತ್ರ. ಕಾಡನ್ನು ಪ್ರೀತಿಸುವವರೇ ಅದನ್ನು ಆರಿಸಿಕೊಳ್ಳುತ್ತಾರೆ. 2014ರ ನಿಯಮದಲ್ಲಿ ತನಗೆ ಒಗ್ಗಿದ ನೆಲದಲ್ಲಿ ರೇಂಜರ್ ಇದ್ದರೆ ಗುಂಪು ಮಾಟಮಂತ್ರದ ಹೊರತು ದಾರಿ ತಪ್ಪುವುದೇ ಇಲ್ಲ, ದುರ್ಗಮ ನೆಲ ಅವರ ನಡಿಗೆಯನ್ನು ತಡೆಯುವುದೂ ಇಲ್ಲ. ಕಾಡು ಬಲ್ಲವನು ಬಂದ ಕೂಡಲೇ ಕಾಡೇ ಮಾಯ. ನಾನು ಇದನ್ನು ಹೀಗೆ ನೋಡುತ್ತೇನೆ: ರೇಂಜರಿಗೆ ದಾಳ ಬೇಡ, ಬದಲಿಗೆ ಎಲ್ಲರಿಗಿಂತ ಮೊದಲು ಸುದ್ದಿ ಕೊಡಿ. ‘ಈ ಕಣಿವೆಯಲ್ಲಿ ನಿನ್ನೆಯಿಂದ ಹಕ್ಕಿಯ ಸದ್ದಿಲ್ಲ, ನಿನಗೆ ಮಾತ್ರ ಅದು ಗೊತ್ತಾಗಿದೆ. ಉಳಿದವರಿಗೆ ಹೇಳುತ್ತೀಯಾ?’ ಆ ಆಟಗಾರನ ಬೆನ್ನು ನೆಟ್ಟಗಾಗುವುದನ್ನು ನೋಡಿ.

ದಾರಿಯಲ್ಲಿ ಎದುರಾಗುವವರ ಪಟ್ಟಿಯ ವಿಚಾರಕ್ಕೆ ಬರೋಣ. ಪುಸ್ತಕಗಳಲ್ಲಿ ಉದ್ದುದ್ದ ಪಟ್ಟಿಗಳಿವೆ, ಮೊದಲ ಆಟಕ್ಕೆ ಅವು ಬೇಡ. ಆರು ಸಾಲು ನೀವೇ ಬರೆದುಕೊಳ್ಳಿ, ಅದರಲ್ಲಿ ಮೂರಕ್ಕಿಂತ ಹೆಚ್ಚು ಮೃಗಗಳು ಇರದಿರಲಿ. ಉಪ್ಪು ಮಾರುವವನೊಬ್ಬ, ಕುರಿಗಾಹಿಗಳು, ಮಳೆಗೆ ಕುಸಿದ ಗುಡಿ ಇವೂ ಇರಲಿ. ಒಂದೊಂದು ಮೃಗಕ್ಕೂ ಮೂರು ಹಂತ: ಮೊದಲು ಗುರುತು, ಆಮೇಲೆ ಸದ್ದು ಅಥವಾ ದೂರದ ನೋಟ, ಕೊನೆಗೆ ಎದುರುಬದುರು. ಗೂಬೆತಲೆಯ ಕರಡಿ ಔಲ್‌ಬೇರ್ ಇದೆಯೆಂದಿಟ್ಟುಕೊಳ್ಳಿ. ಬೆಳಿಗ್ಗೆ ಆಳೆತ್ತರಕ್ಕಿಂತ ಮೇಲೆ ತೊಗಟೆ ಸೀಳಿದ ಮರ ಕಾಣಲಿ, ಸೀಳಿನಲ್ಲಿ ಅಂಟು ಇನ್ನೂ ಹಸಿಯಾಗಿರಲಿ, ಅದಕ್ಕೆ ಒಂದು ಗರಿ ಮೆತ್ತಿಕೊಂಡಿರಲಿ. ಕರಡಿ ಪರಚಿದ ಮರದಲ್ಲಿ ಗರಿ ಯಾಕೆ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಈಗ ಮುಂದೆ ಹೋಗುವುದೋ ಸುತ್ತು ಬಳಸುವುದೋ ಎಂಬುದು ಅವರ ಕೈಯಲ್ಲಿದೆ. ಸುತ್ತು ಬಳಸಿದರೆ ನೀವು ಬೇಸರಿಸಬೇಡಿ. ಮೃಗವನ್ನು ತೋರಿಸಲಾಗಲಿಲ್ಲ ಎಂದು ಅನಿಸುತ್ತದೆ, ನನಗೂ ಅನಿಸಿದೆ. ಆದರೆ ಅವರು ಆ ಗರಿಯನ್ನು ನೋಡಿ ಅರ್ಧ ದಿನದ ದಾರಿ ಕಳೆದುಕೊಂಡರಲ್ಲ, ಅನ್ವೇಷಣೆ ಅಂದರೆ ಅದೇ.

ಎದುರಾದವರೆಲ್ಲ ಹೊಡೆಯಲೇ ಬರಬೇಕೆಂದಿಲ್ಲ. ಹಳೆಯ ನಿಯಮಗಳಲ್ಲಿ ಆರು ಮುಖದ ಎರಡು ದಾಳ ಉರುಳಿಸಿ ಎದುರಿನವರ ಮನಸ್ಸನ್ನು ತಿಳಿಯುವ ಪದ್ಧತಿ ಇತ್ತು. ಎರಡು ಬಿದ್ದರೆ ಮೇಲೇರಿ ಬರುತ್ತಾರೆ, ಹನ್ನೆರಡು ಬಿದ್ದರೆ ಸ್ನೇಹ. ನಡುವಿನ ಅಂಕಿಗಳೇ ಹೆಚ್ಚು ಬೀಳುವುದು, ಅಂದರೆ ಅನುಮಾನ, ಚೌಕಾಸಿ, ಮಾತುಕತೆ. ಹೊಸ ಪುಸ್ತಕ ಹಿಡಿದು ಆಡುವವರೂ ಇದನ್ನು ಎರವಲು ಪಡೆಯಬಹುದು. ಒಮ್ಮೆ ನನ್ನ ಮೇಜಿನಲ್ಲಿ ಗಾಬ್ಲಿನ್ ಗುಂಪಿಗೆ ಒಂಬತ್ತು ಬಿತ್ತು. ಯಾಕೆ ಹೊಡೆಯಲು ಬರಲಿಲ್ಲ ಎಂದು ನಾನೂ ಯೋಚಿಸಬೇಕಾಯಿತು. ತಲೆಯ ಮೇಲೆ ಗಂಟುಮೂಟೆ, ಕಂಕುಳಲ್ಲಿ ಮಕ್ಕಳು, ಗುಳೆ ಹೊರಟ ಜನ. ಅವರು ಯಾವುದಕ್ಕೆ ಹೆದರಿ ಓಡುತ್ತಿದ್ದರೋ ಅದೇ ಮುಂದಿನ ನಾಲ್ಕು ತಿಂಗಳ ಕಥೆಯಾಯಿತು.

ವಿಶ್ರಾಂತಿಯ ನಿಯಮವನ್ನು ಮಾತ್ರ ಆಟ ಶುರುವಾಗುವ ಮೊದಲೇ ಎಲ್ಲರ ಜೊತೆ ಕೂತು ಮಾತಾಡಿಕೊಳ್ಳಿ. ರಾತ್ರಿಯ ದೀರ್ಘ ವಿಶ್ರಾಂತಿಯಲ್ಲಿ ಗಾಯ ಮಾಯುತ್ತದೆ, ಮಂತ್ರಗಳು ಮರಳುತ್ತವೆ. ಗುಹೆಯೊಳಗೆ ಒಂದು ದಿನಕ್ಕೆ ಐದಾರು ಕಾಳಗ ಆಗಬಹುದು. ದಾರಿಯಲ್ಲಿ ಆಗುವುದು ದಿನಕ್ಕೆ ಒಂದು. ಪ್ರತಿ ಬೆಳಿಗ್ಗೆ ಹೊಸಬರಂತೆ ಏಳುವವರಿಗೆ ದಾರಿ ಯಾವ ಬೆಲೆಯನ್ನೂ ಕೇಳುವುದಿಲ್ಲ. ನಮ್ಮಲ್ಲಿ ಪಯಣದುದ್ದಕ್ಕೂ ಕಾಡಿನ ರಾತ್ರಿ, ಅಷ್ಟಿಷ್ಟೇ ಚೇತರಿಸಿಕೊಳ್ಳುವ ಕಿರು ವಿಶ್ರಾಂತಿಗೆ ಸಮ. ಪೂರಾ ವಿಶ್ರಾಂತಿ ಬೇಕಾದರೆ ಸೂರಿರುವ, ಪಹರೆ ಬೇಡವಾದ ಜಾಗ ಬೇಕು. ಇದರಿಂದ ನಕ್ಷೆಯ ಮೇಲಿನ ಒಂದು ಛತ್ರಕ್ಕೂ ಮಠಕ್ಕೂ ಬೆಲೆ ಬಂತು. ‘ಇನ್ನೊಂದು ದಿನ ನಡೆದರೆ ಸೂರು ಸಿಗುತ್ತದೆ’ ಎಂಬ ಮಾತು ಆಟಗಾರರ ಬಾಯಲ್ಲೇ ಬರತೊಡಗಿತು.

ದಾರಿ ತಪ್ಪಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಕಾಡು, ಜೌಗು, ಬೆಟ್ಟಗಳಲ್ಲಿ ದಿಕ್ಕು ಹಿಡಿಯಲು 15 ಮುಟ್ಟಬೇಕು, ಬಯಲಿನಲ್ಲಿ 5 ಸಾಕು, ಇದು 2014ರ ಪುಸ್ತಕದ ಲೆಕ್ಕ. ದಾಳ ಸೋತಿತು ಎಂದ ಕೂಡಲೇ ‘ದಾರಿ ತಪ್ಪಿದಿರಿ, ಇಷ್ಟು ಗಂಟೆ ಹೋಯಿತು’ ಎಂದರೆ ಅದು ದಂಡ ಕಟ್ಟಿಸಿಕೊಂಡ ಹಾಗೆ. ಒಮ್ಮೆ ಮಲೆನಾಡಿನ ಒಂದು ಗುಡ್ಡದ ನೆತ್ತಿಯಲ್ಲಿ ನಾವು ಮೂವರು ಮಂಜಿನೊಳಗೆ ಮುಕ್ಕಾಲು ಗಂಟೆ ನಡೆದೆವು. ಸರಿಯಾಗಿಯೇ ಹೋಗುತ್ತಿದ್ದೇವೆ ಎಂಬ ಧೈರ್ಯ ಮೂವರಿಗೂ ಇತ್ತು. ಆಮೇಲೆ ಒಂದು ಬಂಡೆಯ ಮೇಲೆ ಕಿತ್ತಳೆ ಸಿಪ್ಪೆ ಕಂಡಿತು. ನಾವೇ ಸುಲಿದದ್ದು. ಆ ಸಿಪ್ಪೆಯ ಬಣ್ಣ, ಆಗ ಹೊಟ್ಟೆಯಲ್ಲಿ ಆದ ತಳಮಳ ನನಗೆ ಇವತ್ತಿಗೂ ನೆನಪಿದೆ. ಅದನ್ನೇ ಆಟಕ್ಕೆ ತಂದೆ. ದಾರಿ ತಪ್ಪಿದ್ದೀರಿ ಎಂದು ನಾನು ಹೇಳುವುದಿಲ್ಲ. ಎಡಗಡೆ ಇರಬೇಕಾದ ಹೊಳೆಯ ಸದ್ದು ಬಲಗಡೆಯಿಂದ ಬರುತ್ತಿದೆ ಎನ್ನುತ್ತೇನೆ. ಅಥವಾ ಸಂಜೆ ಒಂದು ಬೂದಿಯ ಗುಡ್ಡೆ ಸಿಗುತ್ತದೆ, ಮುಟ್ಟಿದರೆ ಬೆಚ್ಚಗಿದೆ, ಪಕ್ಕದಲ್ಲಿ ಇವರದೇ ಹೆಜ್ಜೆಗಳು. ದಾಳವನ್ನು ಪರದೆಯ ಹಿಂದೆ ನಾನೇ ಉರುಳಿಸುವುದು ಇದೊಂದಕ್ಕೆ ಮಾತ್ರ.

ಒಬ್ಬೊಬ್ಬರಿಗೂ ದಾರಿಯಲ್ಲಿ ಒಂದು ಕೆಲಸ ಹಂಚಿ. ಟೋಲ್ಕಿನ್ ಲೋಕದ ‘ದಿ ಒನ್ ರಿಂಗ್’ ಆಟದಲ್ಲಿ ಮಾರ್ಗದರ್ಶಿ, ಮುಂದೆ ಹೋಗಿ ನೋಡುವವರು, ಬೇಟೆಗಾರ, ಕಾವಲು ಎಂದು ನಾಲ್ಕು ಹೊಣೆಗಳಿವೆ. ‘ರ‍್ಯೂತಾಮಾ’ ಎಂಬ ಜಪಾನಿನ ಆಟವೊಂದು ಇಡಿಯಾಗಿ ಪಯಣದ ಬಗ್ಗೆಯೇ ಇದೆ. ಅಟ್ಸುಹಿರೊ ಒಕಾಡ 2007ರಲ್ಲಿ ತಂದದ್ದು. ಅದರ ಪಾತ್ರಗಳು ವೀರಾಧಿವೀರರಲ್ಲ, ಊರು ಬಿಟ್ಟು ಹೊರಟ ವರ್ತಕರು, ರೈತರು. ಅಲ್ಲಿ ನಕ್ಷೆ ಬರೆಯುವವರು, ಉಗ್ರಾಣ ನೋಡಿಕೊಳ್ಳುವವರು ಬೇರೆಬೇರೆ. ನಿಮ್ಮ ಆಟ ಯಾವುದೇ ಇರಲಿ, ಇದನ್ನು ತಂದುಕೊಳ್ಳಿ. ಕಾಳಗದಲ್ಲಿ ಹಿಂದುಳಿಯುವ ಆಟಗಾರರೊಬ್ಬರು ಉಗ್ರಾಣದ ಲೆಕ್ಕ ಹಿಡಿದ ದಿನದಿಂದ ಗುಂಪೇ ಅವರ ಮುಖ ನೋಡತೊಡಗುತ್ತದೆ.

ರಾತ್ರಿಯ ಪಹರೆ ಬಂದಾಗ ಒಂದು ಕ್ಷಣ ನಿಲ್ಲಿ. ಮೊದಲ ಜಾವ ಯಾರು, ಎರಡನೆಯ ಜಾವ ಯಾರು ಎಂದು ಕೇಳಿ, ಜೊತೆಗೆ ಎಚ್ಚರವಿರುವ ಇಬ್ಬರಿಗೆ ಒಂದು ಪ್ರಶ್ನೆ ಕೊಡಿ. ಮುಂದಿನ ಯೋಜನೆಯದು ಬೇಡ. ‘ಮನೆಯಲ್ಲಿ ಈ ಹೊತ್ತಿಗೆ ಯಾರು ಎಚ್ಚರ ಇರುತ್ತಾರೆ?’ ಎಂಬಂಥದ್ದು. ನಮ್ಮಲ್ಲಿ ಕುಳ್ಳ ಯೋಧನ ಪಾತ್ರ ಆಡುತ್ತಿದ್ದವನು ಎಂಟು ಆಟಗಳಲ್ಲಿ ಕೊಡಲಿಯ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಆ ರಾತ್ರಿ, ತನ್ನ ಅಮ್ಮ ಗಣಿಯ ಬಾಯಲ್ಲಿ ದೀಪ ಹಿಡಿದು ಕೂರುತ್ತಿದ್ದಳು, ಒಳಗಿದ್ದವರೆಲ್ಲ ಹೊರಬರುವವರೆಗೆ ಏಳುತ್ತಿರಲಿಲ್ಲ ಎಂದ. ಎಲ್ಲರೂ ಸುಮ್ಮನಾದೆವು. ಆ ಅಮ್ಮನ ಊರಿಗೆ ಹೋಗಲೇಬೇಕು ಎಂದು ಆಟಗಾರರೇ ಹಟ ಹಿಡಿದರು.

ಇನ್ನೊಂದು ಮಾತು, ಕನ್ನಡದಲ್ಲಿ ಆಡುವವರಿಗೆ. ಪುಸ್ತಕದಲ್ಲಿ ಚೌಕಟ್ಟು ಹಾಕಿ ಕೊಟ್ಟಿರುವ ಇಂಗ್ಲಿಷ್ ವರ್ಣನೆಯನ್ನು ಓದಿ ಹೇಳಬೇಡಿ. ಗೆಳೆಯರು ಮರ್ಯಾದೆಗೆ ಕೇಳಿಸಿಕೊಳ್ಳುತ್ತಾರೆ ಅಷ್ಟೇ. ನಮ್ಮ ಮಾತಿನಲ್ಲಿ ದಾರಿಗಳಿಗೇ ಎಷ್ಟು ಹೆಸರುಗಳಿವೆ ನೋಡಿ. ಬಂಡಿಜಾಡು ಅಂದರೆ ಮುಂದೆ ಊರಿದೆ. ಕಾಲುದಾರಿ ಅಂದರೆ ಜನ ಓಡಾಡುತ್ತಾರೆ, ಗಾಡಿ ಬರುವುದಿಲ್ಲ. ಪ್ರಾಣಿಗಳ ಜಾಡು ಅಂದರೆ ಕೊನೆಗೆ ನೀರು ಸಿಗುತ್ತದೆ, ನೀರಿನ ಹತ್ತಿರ ಇನ್ನೇನಾದರೂ ಕಾಯುತ್ತಿರುತ್ತದೆ. ‘ಕೂಗಳತೆಯಲ್ಲಿ ಬೆಂಕಿ ಕಾಣುತ್ತಿದೆ’ ಎಂದು ನಾನೊಮ್ಮೆ ಹೇಳಿದ್ದೇ ತಡ, ಮೇಜಿನ ಸುತ್ತ ಇದ್ದವರೆಲ್ಲ ಪಿಸುಮಾತಿಗೆ ಇಳಿದರು. ಮುನ್ನೂರು ಅಡಿ ಎಂದಿದ್ದರೆ ಯಾರೂ ದನಿ ತಗ್ಗಿಸುತ್ತಿರಲಿಲ್ಲ.

ಆರು ದಿನದ ಪಯಣವಾದರೆ ಆರು ದಿನವನ್ನೂ ಆಡಬೇಡಿ. ತೀರ್ಮಾನ ಇರುವ ದಿನ ಆಡಿ, ಉಳಿದದ್ದನ್ನು ಎರಡು ಮಾತಿನಲ್ಲಿ ದಾಟಿ. ದಾಟುವಾಗ ಒಂದು ಕಾಣುವ ವಸ್ತು ಇರಲಿ. ‘ಮೂರು ದಿನ ಬಿಡದೆ ಜಿಟಿಜಿಟಿ ಮಳೆ, ರೊಟ್ಟಿಗೆ ಬೂಸಲು ಬಂತು’ ಎಂದರೆ ಆ ಮೂರು ದಿನ ನಡೆದ ಹಾಗಾಯಿತು. ಮೊದಲ ಆಟಕ್ಕೆ ನಿಮಗೆ ಬೇಕಾದದ್ದು ಇಷ್ಟು: ಒಂದು ಗಡುವು, ಬೇರೆಬೇರೆ ಬೆಲೆಯ ಮೂರು ದಾರಿ, ಆ ಬೆಲೆಗಳನ್ನು ಹೇಳುವ ಒಬ್ಬ ದಾರಿಹೋಕ, ಆರು ಸಾಲಿನ ಪಟ್ಟಿ. ಒಂದು ಸಂಜೆಯ ಕೆಲಸ. ಆರಿಸದ ಎರಡು ದಾರಿಗಳು ವ್ಯರ್ಥವಾದವು ಅಂದುಕೊಳ್ಳಬೇಡಿ, ಎತ್ತಿಟ್ಟುಕೊಳ್ಳಿ. ಬೆನ್ ರಾಬಿನ್ಸ್ ಎಂಬವರು ನಡೆಸಿದ ‘ವೆಸ್ಟ್ ಮಾರ್ಚಸ್’ ಎಂಬ ಹೆಸರಾಂತ ಆಟದಲ್ಲಿ ಎಲ್ಲಿಗೆ ಹೋಗಬೇಕೆಂಬುದನ್ನು ಪ್ರತಿ ಸಲವೂ ಆಟಗಾರರೇ ನಿರ್ಧರಿಸುತ್ತಿದ್ದರು. ಹೋದ ಕಡೆಗೇ ಮತ್ತೆ ಹೋಗುತ್ತಿದ್ದರು. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ, ನೀವು ನೆನಪಿಟ್ಟುಕೊಂಡರಾಯಿತು.

ಆ ಹೇಸರಗತ್ತೆಯನ್ನು ನಾನು ಮರೆತಿದ್ದೆ. ಮಗು ಉಳಿಯಿತು, ದೋಣಿಗಾರನ ತಮ್ಮನೂ ಸಿಕ್ಕಿದ, ಕಥೆ ಬೇರೆ ಸೀಮೆಗೆ ಸಾಗಿತ್ತು. ಎಂಟು ತಿಂಗಳ ಮೇಲೆ ಒಂದು ಸಂಜೆ, ರಾಜಧಾನಿಯಲ್ಲಿ ದೊಡ್ಡ ಕೆಲಸವೊಂದು ಕಾಯುತ್ತಿರುವಾಗ, ಹಾಡುಗಾರ್ತಿಯ ಪಾತ್ರ ಆಡುವ ಗೆಳತಿ ಆ ಕ್ಯಾಲೆಂಡರಿನ ಹಾಳೆಯನ್ನು ಹುಡುಕಿ ತೆಗೆದಳು. ‘ಮೊದಲು ಇಲ್ಲಿಗೆ ಹೋಗೋಣ’ ಎಂದು ದೋಣಿಗಟ್ಟೆಯ ಮೇಲೆ ಬೆರಳಿಟ್ಟಳು. ಮೂರು ದಿನ ಹೆಚ್ಚಾಗುತ್ತದೆ ಎಂದೆ. ಆಗಲಿ ಎಂದರು, ನಾಲ್ವರೂ. ಕಟ್ಟೆಯ ಬಳಿ ದೋಣಿಗಾರನ ಹೆಂಡತಿ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ಹೇಸರಗತ್ತೆ ನೆರಳಲ್ಲಿ ನಿಂತಿತ್ತು, ಮೈ ತುಂಬಿಕೊಂಡಿತ್ತು. ‘ಸೋಮವಾರ ಬಿಟ್ಟುಹೋದಿರಲ್ಲ, ಸೋಮ ಅಂತ ಕರೆಯುತ್ತಿದ್ದೇನೆ’ ಎಂದು ಅವಳ ದನಿಯಲ್ಲಿ ಹೇಳಿದೆ, ಆ ಕ್ಷಣಕ್ಕೆ ಹೊಳೆದ ಹೆಸರು ಅದು. ಗೆಳತಿ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು, ‘ಬಾ ಸೋಮ’ ಎಂದಳು.

ಇಂತಿ ನಿಮ್ಮ,
ಪರದೆಯ ಹಿಂದೆ ಕೂರುವ ಒಬ್ಬ ಜೊತೆಗಾರ